ಕೆಡವುವ ಮುಂಚೆ ಅಡುಗೆಮನೆಗೆ ಹೋಗಿ ಬನ್ನಿ

ಕಬ್ಬಿನ ಬಿಲ್ಲು ಕೈಗೆ ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ಹಳೇ ಮನೆ ಕೆಡವಿ ಸ್ಲ್ಯಾಬ್ ಹಾಕಿಸೋಣ. ಎರಡಡಿ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ತೊಲೆ, ಜಂತಿ, ನಡುವೆ ಹಾಸಿಕೊಂಡ ಪಡಸಾಲೆ ಎಲ್ಲವೂ ಎರಡು ದಿನದಲ್ಲಿ ಜೆಸಿಬಿಯ ಬಾಯಿಗೆ ಬೀಳುತ್ತವೆ. ಅಲ್ಲಿ ಏಳುವ ಹೊಸ ಮನೆಗೆ ಬಿಲ್ಲಿನ ದುಡ್ಡು ಸಾಲದು, ಬ್ಯಾಂಕಿಗೋ ಸೊಸೈಟಿಗೋ ಹೋಗಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಹಣ ಎಷ್ಟು ಸಲ ತಿಂಗಳುಗಟ್ಟಲೆ ತಡೆದಿದೆ ಎಂಬುದನ್ನು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಲ್ಲು ತಡೆದರೂ ಸಾಲದ ಕಂತು ತಡೆಯುವುದಿಲ್ಲ.

ಕೆಡವಲೇಬೇಕಾದ ಮನೆಗಳಿವೆ, ಅದನ್ನು ಮೊದಲೇ ಒಪ್ಪಿಕೊಳ್ಳೋಣ. 2005, 2019, 2021ರಲ್ಲಿ ಕೃಷ್ಣೆ ಉಕ್ಕಿದಾಗ ಕಲ್ಲೋಳ, ಯಡೂರು, ಮಾಂಜರಿ, ಜುಗೂಳದಂಥ ದಂಡೆಯ ಊರುಗಳು ಕಂಡದ್ದು ಸಣ್ಣ ಕಷ್ಟವಲ್ಲ. ದಿನಗಟ್ಟಲೆ ನೀರಲ್ಲಿ ನಿಂತ ಮಣ್ಣಿನ ಗೋಡೆ ಬುಡದಲ್ಲೇ ಕರಗುತ್ತದೆ. ನೀರು ಇಳಿದು ಬಿಸಿಲು ಬಿದ್ದ ಮೇಲೂ ಕುಸಿಯುತ್ತದೆ. ಅಂಥ ಮನೆಗೆ ಸುಣ್ಣ ಬಳಿದು ದುರಸ್ತಿ ಎನ್ನುವುದು ಜೀವದೊಂದಿಗೆ ಆಟ. ಅಲ್ಲಿ ನೆರೆಯ ಗುರುತಿಗಿಂತ ಎತ್ತರದ ತಳಪಾಯವೇ ಬೇಕು, ಇಲ್ಲವೇ ಜಾಗವನ್ನೇ ಬದಲಿಸಬೇಕು. ನನ್ನ ತಕರಾರು ನೀರು ಮುಟ್ಟದ, ಬುಡ ಗಟ್ಟಿಯಿರುವ, ಬರೀ ಹಳೆಯದಾಯಿತೆಂಬ ಕಾರಣಕ್ಕೆ ನೆಲಸಮವಾಗುವ ಮನೆಗಳ ಬಗ್ಗೆ.

ಹೊಸದು ಬಂದ ಮೇಲೆ ಏನಾಗುತ್ತದೆ ನೋಡಿ. ಅಥಣಿಯ ಬೇಸಿಗೆ 40 ಡಿಗ್ರಿ ಮುಟ್ಟುವಂಥದ್ದು. ದಪ್ಪ ಮಣ್ಣಿನ ಗೋಡೆ ಆ ಕಾವನ್ನು ಒಳಗೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಬರಿಯ ಸ್ಲ್ಯಾಬ್ ಹಗಲೆಲ್ಲ ಕಾದು, ರಾತ್ರಿ ಮಲಗುವ ಹೊತ್ತಿಗೆ ಆ ಕಾವನ್ನು ತಲೆಯ ಮೇಲೆ ಸುರಿಯುತ್ತದೆ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆ ನೆಲದಲ್ಲಿ ತಳಪಾಯಕ್ಕೆ ಜಿಪುಣತನ ಮಾಡಿದರೆ ಹೊಸ ಗೋಡೆಯೂ ಕೆಲವೇ ವರ್ಷದಲ್ಲಿ ಸೀಳುತ್ತದೆ.

ಹಾಗೆಂದು ದುರಸ್ತಿಯ ಹೆಸರಿನಲ್ಲಿ ನಡೆಯುವುದೆಲ್ಲ ಒಳ್ಳೆಯದಲ್ಲ. ನಮ್ಮ ಕಡೆ ಹೆಚ್ಚಾಗಿ ಕಾಣುವ ತಪ್ಪು ಎಂದರೆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು. ನೆಲದಿಂದ ಮೇಲೇರುವ ತೇವ ಮೊದಲು ಗೋಡೆಯ ಮೈಯಿಂದ ಹೊರಗೆ ಹೋಗುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಮೊದಲ ವರ್ಷ ಗೋಡೆ ಹೊಸದರಂತೆ ಹೊಳೆಯುತ್ತದೆ. ಆಮೇಲೆ ಮೊಣಕಾಲೆತ್ತರದಲ್ಲಿ ಬಿಳಿ ಉಪ್ಪು ಮೂಡುತ್ತದೆ, ಬಣ್ಣ ಗುಳ್ಳೆ ಏಳುತ್ತದೆ, ಬೆರಳಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಒಂದು ದಿನ ಹಲಗೆಯಂಥ ತುಂಡು ಕಳಚಿ ಬಿದ್ದಾಗ ಹಿಂದಿನ ಮಣ್ಣು ಪುಡಿಪುಡಿ. ಆಗ ಮನೆಯವರು ‘ಹಳೇ ಗೋಡೆ ತಾಳಲಿಲ್ಲ’ ಎನ್ನುತ್ತಾರೆ, ಕೆಡಿಸಿದ್ದು ಹೊಸ ಗಿಲಾವು. ಮದ್ದು ಅಗ್ಗದ್ದೇ ಇದೆ. ತೇವ ಏರಿದಷ್ಟು ಎತ್ತರ ಸಿಮೆಂಟ್ ಕೆತ್ತಿ, ಒಂದು ಬೇಸಿಗೆ ಒಣಗಲು ಬಿಟ್ಟು, ಅರಳಿಸಿದ ಸುಣ್ಣ ಮತ್ತು ಉಸುಕಿನ ಗಾರೆ ಹಚ್ಚಿಸಿ. ಹಂಚಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಹೊರಗೆ ಫರ್ಸಿ ಹಾಸಿ ಗಟಾರಕ್ಕೆ ಇಳಿಜಾರು ಕೊಡಿ. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಕಡಿಮೆಯಾಗಿದ್ದಾರೆ ನಿಜ, ಹುಡುಕಿದರೆ ಸಿಗುತ್ತಾರೆ.

ಇದಕ್ಕಿಂತ ದೊಡ್ಡ ಪ್ರಶ್ನೆ, ಸುಧಾರಣೆ ಮನೆಯ ಯಾವ ಮೂಲೆಯಿಂದ ಶುರುವಾಗಬೇಕು ಎಂಬುದು. ಚಿಂಚಲಿ ಮಾಯಕ್ಕನ ಜಾತ್ರೆ ಬಂತು, ಮಗನ ಮದುವೆ ಬಂತು ಎಂದರೆ ದುಡ್ಡು ಹರಿಯುವುದು ಮುಂಬಾಗಿಲಿಗೆ: ಗೇಟು, ಕಟ್ಟೆಗೆ ಗ್ರಾನೈಟ್, ಪಡಸಾಲೆಗೆ ಪಿಒಪಿ. ಅದೇ ಮನೆಯ ಅಡುಗೆಮನೆಯಲ್ಲಿ ಹಾಡಹಗಲೇ ಬಲ್ಬು ಉರಿಯಬೇಕು. ಬಚ್ಚಲಲ್ಲಿ ಕಾಲು ಜಾರುತ್ತದೆ. ಶೌಚಾಲಯ ಹಿತ್ತಲ ಕೊನೆಯಲ್ಲಿ, ಮೊಣಕಾಲು ನೋವಿನ ಅಜ್ಜಿ ರಾತ್ರಿ ಗೋಡೆ ಹಿಡಿದು ಅಲ್ಲಿಗೆ ಹೋಗಬೇಕು. ಹಳೆಯ ಮನೆಯ ನಿಜವಾದ ದೋಷ ಇದು. ಆ ಮನೆಗಳನ್ನು ಕಟ್ಟಿಸಿದವರು ಒಳಗೆ ದುಡಿಯುವವರ ಕಣ್ಣು, ಉಸಿರು, ಕಾಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದುರಸ್ತಿ ಮಾಡುವ ನಾವೂ ಹಿಡಿಯದಿದ್ದರೆ ಮನೆ ಸುಧಾರಿಸಿತೆಂದು ಹೇಗೆ ಹೇಳುವುದು?

ಈ ದೋಷಗಳನ್ನು ಸರಿಪಡಿಸುವುದು ಸಣ್ಣ ಖರ್ಚಿನ ಕೆಲಸ. ನಿಪ್ಪಾಣಿ ಕಡೆಯ ಹಂಚಿನ ಮನೆಯಾದರೆ ಒಲೆಯ ನೆತ್ತಿಯಲ್ಲಿ ಎರಡು ಮಂಗಳೂರು ಹಂಚು ತೆಗೆದು ಅದೇ ಅಚ್ಚಿನ ಗಾಜಿನ ಹಂಚು ಕೂರಿಸಿದರೆ ಸಾಕು, ಅಕ್ಕಿಯಲ್ಲಿನ ಹರಳು ಕಣ್ಣಿಗೆ ಬೀಳುತ್ತದೆ. ಅಥಣಿ, ಕಾಗವಾಡ ಕಡೆಯ ಮಾಳಿಗೆ ಮನೆಯಲ್ಲಿ ತಗಡು ಮುಚ್ಚಿ ಕುರುಡಾದ ಬೆಳಕಿಂಡಿಗೆ ಗಾಜು ಹಾಕಿಸಬಹುದು. ಬಚ್ಚಲಿಗೆ ಒರಟು ಫರ್ಸಿ, ಗೋಡೆಗೊಂದು ಹಿಡಿಕೆ, ಮನೆಗೆ ಹೊಂದಿಕೊಂಡಂತೆ ಕೂರುವ ಶೌಚಾಲಯ. ಈಗಾಗಲೇ ಸ್ಲ್ಯಾಬ್ ಹಾಕಿದವರು ಬೇಸಿಗೆಗೆ ಮುಂಚೆ ಮಾಳಿಗೆಯ ಮೇಲೆ ದಪ್ಪಗೆ ಸುಣ್ಣ ಬಳಿದರೂ ಒಳಗಿನ ಕಾವು ಇಳಿಯುತ್ತದೆ.

ಇದಕ್ಕೊಂದು ಉತ್ತರ ಸಿದ್ಧವಿರುತ್ತದೆ: ‘ಹಳೇ ಮನಿಗೆ ಹೆಣ್ಣು ಯಾರು ಕೊಡ್ತಾರ?’ ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು, ಸಂಬಂಧಗಳು ಮನೆ ನೋಡಿಯೇ ಕುದುರುತ್ತವೆ. ಆದರೆ ಮಗಳನ್ನು ಕೊಡುವ ತಾಯಿ ಪಡಸಾಲೆಯಲ್ಲಿ ಚಹಾ ಕುಡಿದು ಏಳುವುದಿಲ್ಲ, ಒಳಗೆ ಹೋಗಿ ಬಚ್ಚಲು ನೋಡುತ್ತಾಳೆ, ನೀರು ಎಲ್ಲಿಂದ ಬರುತ್ತದೆಂದು ಕೇಳುತ್ತಾಳೆ. ಅಣ್ಣತಮ್ಮಂದಿರ ಪಾಲಿನ ವಾಡೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಒಬ್ಬನು ತನ್ನ ಪಾಲು ಕೆಡವಿದರೆ ಒಂದೇ ತೊಲೆಯ ಮೇಲೆ ನಿಂತ ಇನ್ನೊಬ್ಬನ ಮಾಳಿಗೆ ಸಡಿಲಾಗುತ್ತದೆ, ಮಳೆಗಾಲದಲ್ಲಿ ಉಳಿದ ಗೋಡೆ ಯಾರ ಮೇಲೆ ಬೀಳುತ್ತದೋ ಗೊತ್ತಿಲ್ಲ.

ಈ ವರ್ಷ ಬಿಲ್ಲು ಬಂದಾಗ ಜೆಸಿಬಿಗೆ ಫೋನು ಹಚ್ಚುವ ಮುಂಚೆ ಒಂದು ಕೆಲಸ ಮಾಡಿ. ಮನೆಯ ಹೆಂಗಸರನ್ನೂ ಹಿರಿಯರನ್ನೂ ಕೂರಿಸಿಕೊಂಡು ಅವರಿಗೆ ಎಲ್ಲಿ ತೊಂದರೆಯಾಗುತ್ತಿದೆ ಎಂದು ಕೇಳಿ, ಮೊದಲ ದುಡ್ಡನ್ನು ಅಲ್ಲಿ ಹಾಕಿ. ಗೇಟು ಮುಂದಿನ ವರ್ಷಕ್ಕಿರಲಿ.