ಮಗನು ಗಿಟಾರು ಹಿಡಿದಾಗ

ಕಲಘಟಗಿಯ ನಮ್ಮ ಓಣಿಯ ಗೃಹಸ್ಥರೊಬ್ಬರು ಮೊನ್ನೆ ಚಿಂತಾಕ್ರಾಂತರಾಗಿ ನಮ್ಮಲ್ಲಿಗೆ ಬಂದರು. “ಮಾಸ್ತರ, ಹುಡುಗ ಗಿಟಾರು ಹಿಡದು ಬ್ಲೂಸು, ಫಂಕು ಅಂತಾನ. ಅದರಾಗ ಹೊಟ್ಟಿ ತುಂಬತದೇನ್ರಿ?” ಎಂದರು. ಸಿಟ್ಟಿನಿಂದ ಆ ವಾದ್ಯವನ್ನು ಅಟ್ಟದ ಮೇಲೆ ಇರಿಸಿದ್ದರಂತೆ.

ಸಂಸ್ಕೃತ ಕಲಿಸಿದ ನನಗೆ ಗಿಟಾರಿನ ಗಂಧವೆಲ್ಲಿಯದು? ಆದರೆ ನಮ್ಮ ಸೀಮೆಯದೇ ಒಂದು ವೃತ್ತಾಂತವನ್ನು ಹೇಳಿದೆನು.

1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರ ತಂದೆಯವರೂ ಶಾಲಾಮಾಸ್ತರರೇ. ಗ್ರಾಮಫೋನಿನ ತಟ್ಟೆಯಲ್ಲಿ ಅಬ್ದುಲ್ ಕರೀಮಖಾನರ ಗಾಯನವನ್ನು ಕೇಳಿ ಮರುಳಾದ ಬಾಲಕನು 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟನು. ಗ್ವಾಲಿಯರ, ಜಾಲಂಧರಗಳವರೆಗೆ ಅಲೆದನು. ತಂದೆಯವರು ಜಾಲಂಧರದಲ್ಲಿ ಆತನನ್ನು ಕಂಡು ಮರಳಿ ಕರೆತಂದರು. ಅಷ್ಟು ದೂರ ಅರಸಿದ ಗುರುವು ದೊರೆತುದು ನಮ್ಮ ನೆರೆಯ ಕುಂದಗೋಳದಲ್ಲಿ! ಖಾನಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಮನೆಯಲ್ಲಿ 1936ರಿಂದ ನೀರು ಹೊತ್ತು, ಸೇವೆಗೈದು ಭೀಮಸೇನರು ವಿದ್ಯೆಯನ್ನು ಪಡೆದರು. ಗಂಗೂಬಾಯಿ ಹಾನಗಲ್ಲರೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಮನೆಗೆ ಪಾಠಕ್ಕೆ ಬರುತ್ತಿದ್ದರು. 1943ರಲ್ಲಿ ಭೀಮಸೇನರು ಮುಂಬಯಿ ಸೇರಿ ರೇಡಿಯೋ ಕಲಾವಿದರಾದರು. 2008ರಲ್ಲಿ ಭಾರತರತ್ನ ಪ್ರಶಸ್ತಿಯು ಘೋಷಿತವಾಯಿತು.

“ಅದು ಶಾಸ್ತ್ರೀಯ ಸಂಗೀತ, ಇದಕ್ಕೂ ಅದಕ್ಕೂ ಏನು ಸಂಬಂಧ?” ಎಂದು ಗೃಹಸ್ಥರು ಕೇಳಿದರು. ಹುಡುಗನನ್ನೇ ಕರೆಯಿಸಿ ವಿಚಾರಿಸಿದೆವು. ಬ್ಲೂಸೆಂಬುದು ಅಮೇರಿಕೆಯ ದಕ್ಷಿಣ ಪ್ರಾಂತಗಳಲ್ಲಿ, ಹಿಂದೆ ಗುಲಾಮರಾಗಿದ್ದವರ ಸಂತತಿಯಲ್ಲಿ ಹುಟ್ಟಿದ ಗಾನವಂತೆ. ಫಂಕೆಂಬುದು 1960ರ ದಶಕದಲ್ಲಿ ಅದೇ ಜನರಲ್ಲಿ ಬೆಳೆದ ಲಯಪ್ರಧಾನ ಸಂಗೀತವಂತೆ. ಮಿಸಿಸಿಪಿಯ ಹತ್ತಿಯ ಹೊಲಗಳಲ್ಲಿ ದುಡಿದ ಬಿ. ಬಿ. ಕಿಂಗ್ ಎಂಬವರು 1946ರಲ್ಲಿ ಮೆಂಫಿಸ್ ಪಟ್ಟಣಕ್ಕೆ ಹೋಗಿ, ಬುಕ್ಕಾ ವೈಟ್ ಎಂಬ ಗಿಟಾರುವಾದಕ ಬಂಧುವಿನ ಆಶ್ರಯದಲ್ಲಿ ಹತ್ತು ತಿಂಗಳು ಇದ್ದರು. ಮುಂದೆ ಆ ಪಟ್ಟಣದ ರೇಡಿಯೋದಲ್ಲಿ ನುಡಿಸಿ, 1949ರಲ್ಲಿ ಮೊದಲ ಧ್ವನಿಮುದ್ರಣ ಮಾಡಿ, ಲೋಕಪ್ರಸಿದ್ಧರಾದರು. ಗುರುಗೃಹವಾಸವು ಅಲ್ಲಿಯೂ ಉಂಟಲ್ಲವೆ!

ವಾಚಕರೇ, ಸಂಗೀತ ಹಿಡಿದವರೆಲ್ಲರೂ ಭೀಮಸೇನರಾಗರು. ಅನ್ನದ ಚಿಂತೆಯು ತಂದೆಗೆ ಸಹಜವಾದುದೇ. ಆದರೆ ಮಗನನ್ನು ಮೊದಲು ಕೇಳತಕ್ಕದ್ದು “ಎಷ್ಟು ಗಳಿಸುವಿ?” ಎಂದಲ್ಲ, “ಯಾರಲ್ಲಿ ಕಲಿಯುವಿ, ಎಷ್ಟು ವರ್ಷ ಕಲಿಯುವಿ?” ಎಂದು. ಇದಕ್ಕೆ ನೆಟ್ಟಗೆ ಉತ್ತರ ಕೊಡುವ ಮಗನನ್ನು ತಡೆಯಬಾರದು. ಕೊಡಲಾರದವನಿಗೆ ಗುರುವನ್ನು ಹುಡುಕಿಕೊಡಬೇಕು.

ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಹುಬ್ಬಳ್ಳಿಯೊಳಗ ಒಬ್ಬರು ಕಲಸ್ತಾರ್ರಿ, ಅಪ್ಪ ಬಂದು ಕೇಳಿದರ ಸೇರಿಸ್ಕೋತಾರ” ಎಂದನು. ತಂದೆಯವರು ಏನೂ ನುಡಿಯದೆ ಎದ್ದುಹೋದರು. ಆ ಸಂಜೆಯೇ ಗಿಟಾರು ಅಟ್ಟದಿಂದ ಇಳಿಯಿತೆಂದು ಕೇಳಿದೆನು.