ಸಾಹಿತ್ಯ ಸಂಘವೂ ನೆರೆಹೊರೆಯೂ

ಸಾಹಿತ್ಯ ಸಂಘವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು ಒಂದು ವೇದಿಕೆ, ಅದರ ಮೇಲೆ ನಾಲ್ಕಾರು ಕುರ್ಚಿಗಳು, ಹೂವಿನ ಹಾರ ಮತ್ತು ಅಧ್ಯಕ್ಷ ಭಾಷಣ. ಸ್ವಾಗತಗೀತೆಯಿಂದ ಮೊದಲಾಗಿ ವಂದನಾರ್ಪಣೆಯಲ್ಲಿ ಮುಗಿಯುವ ಒಂದು ಸಂಜೆಯನ್ನೇ ಸಾಹಿತ್ಯಸೇವೆಯೆಂದು ಭಾವಿಸುವ ಅಭ್ಯಾಸ ನಮಗೆ ಬಹುಕಾಲದಿಂದ ಬಂದಿದೆ. ಸಭೆಯೇ ಬೇಡವೆಂದು ನಾವು ಹೇಳುವವರಲ್ಲ. ಆದರೆ ಸಭೆ ಮುಗಿದ ಮರುದಿನ, ಆ ಸಭಾಂಗಣದ ಎದುರು ಬೀದಿಯಲ್ಲಿ ವಾಸವಾಗಿರುವ ಮನೆಯ ಮಗುವಿನ ಕೈಗೆ ಒಂದು ಪುಸ್ತಕವಾದರೂ ಹೆಚ್ಚಾಗಿ ಬಂದಿತೆ? ಆ ಬೀದಿಯ ಯುವಕರು ಒಂದು ನಾಟಕವನ್ನಾದರೂ ಓದಲು ತೊಡಗಿದರೆ? ಈ ಪ್ರಶ್ನೆಗಳನ್ನು ಕೇಳಿಕೊಳ್ಳದ ಸಂಘವು ಎಷ್ಟೇ ಹಳೆಯದಾದರೂ, ಎಷ್ಟೇ ಹಣವುಳ್ಳದ್ದಾದರೂ, ತಾನಿರುವ ಊರಿಗೆ ಅಪರಿಚಿತವಾಗಿಯೇ ಉಳಿಯುತ್ತದೆ.

ಆದುದರಿಂದ ಸಾಹಿತ್ಯ ಸಂಘವೊಂದು ತನ್ನ ಊರಿನ ಇತರ ಸಂಸ್ಥೆಗಳೊಡನೆ ಕೂಡಿ ದುಡಿಯಬೇಕೆಂಬುದು ನಮ್ಮ ಅಭಿಪ್ರಾಯ. ವಾಚನಾಲಯ, ಯುವಕ ಮಂಡಲ, ಮಹಿಳಾ ಸಮಾಜ, ಭಜನಾ ಮಂಡಳಿ, ಕಾರ್ಮಿಕರ ಸಂಘ, ಶಾಲೆ ಇವುಗಳೆಲ್ಲವೂ ಜನರು ತಾವಾಗಿಯೇ ಬಂದು ಸೇರುವ ಸ್ಥಳಗಳು. ಸಾಹಿತ್ಯವು ಜನರನ್ನು ತನ್ನೆಡೆಗೆ ಕರೆಯುವುದಕ್ಕಿಂತ ಜನರು ಸೇರಿರುವೆಡೆಗೆ ತಾನೇ ಹೋಗುವುದು ಸುಲಭ, ಮರ್ಯಾದೆಯೂ ಹೌದು. ಇದು ಬರಿಯ ಆಸೆಯ ಮಾತಲ್ಲ. ಹೀಗೆ ನಡೆದು ಫಲ ಕಂಡವರು ನಮ್ಮ ನೆರೆಯಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ.

ಮೊದಲು ನೆರೆಯನ್ನು ನೋಡೋಣ. ೧೯೧೪ರ ಏಪ್ರಿಲ್ ತಿಂಗಳಿನಲ್ಲಿ ಇಂದಿನ ವಿಜಯವಾಡದಲ್ಲಿ, ಅಂದಿನ ಬೆಜವಾಡದಲ್ಲಿ, ಆಂಧ್ರದೇಶದ ಗ್ರಂಥಾಲಯಗಳ ಕಾರ್ಯಕರ್ತರು ಒಂದೆಡೆ ನೆರೆದು ತಮ್ಮದೇ ಆದ ಒಂದು ಸಂಘವನ್ನು ಸ್ಥಾಪಿಸಿದರು. ಅದರ ಹಿಂದೆ ನಿಂತು ದುಡಿದವರು ಅಯ್ಯಂಕಿ ವೆಂಕಟರಮಣಯ್ಯನವರು. ಆಗ ಅವರಿಗೆ ಇನ್ನೂ ಇಪ್ಪತ್ತೈದು ವರ್ಷ ತುಂಬಿರಲಿಲ್ಲ. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಆ ಗ್ರಂಥಾಲಯಗಳನ್ನು ಈ ಸಂಘವು ಹುಟ್ಟಿಸಿದುದಲ್ಲ. ಊರೂರಿನ ಜನರು ತಮ್ಮ ಚಾವಡಿಯಲ್ಲಿಯೋ ಮನೆಯ ಜಗಲಿಯಲ್ಲಿಯೋ ಚಂದಾ ಕೂಡಿಸಿ ನಡೆಸುತ್ತಿದ್ದ ಚಿಕ್ಕಚಿಕ್ಕ ಭಂಡಾರಗಳು ಮೊದಲೇ ಇದ್ದುವು. ಒಂದಕ್ಕೊಂದು ಪರಿಚಯವಿಲ್ಲದೆ ಇದ್ದ ಅವುಗಳನ್ನು ಒಂದು ಸೂತ್ರದಲ್ಲಿ ಪೋಣಿಸುವ ಕೆಲಸವನ್ನು ಸಂಘವು ಮಾಡಿತು. ‘ಗ್ರಂಥಾಲಯ ಸರ್ವಸ್ವಮು’ ಎಂಬ ಪತ್ರಿಕೆಯನ್ನು ಹೊರಡಿಸಿ ಒಂದು ಊರಿನ ಅನುಭವವನ್ನು ಮತ್ತೊಂದು ಊರಿಗೆ ಮುಟ್ಟಿಸಿತು. ಊರಿನವರು ಊರಿನವರಾಗಿಯೇ ಉಳಿದರು. ಆದರೆ ಒಂಟಿಯಾಗಿ ಉಳಿಯಲಿಲ್ಲ.

ಈ ಚಳವಳಿಯ ಇನ್ನೊಂದು ಸಂಗತಿ ವಿದ್ಯಾರ್ಥಿಗಳ ಮನಸ್ಸನ್ನು ಸೆಳೆಯದೆ ಇರದು. ಕೃಷ್ಣಾ ನದಿಯ ಬಯಲಿನಲ್ಲಿ ಕಾಲುವೆಗಳು ಬಹಳ. ಅಂದು ಜನರೂ ಸರಕೂ ದೋಣಿಗಳಲ್ಲಿಯೇ ಸಾಗುತ್ತಿದ್ದುವು. ೧೯೩೫ರಲ್ಲಿ ಪಾತೂರಿ ನಾಗಭೂಷಣಂ ಅವರು ಗುಂಟೂರು ಜಿಲ್ಲೆಯ ಪೆದಪಾಲೆಂ ಕಡೆಯ ಕಾಲುವೆಯಲ್ಲಿ ದೋಣಿಯನ್ನೇ ಗ್ರಂಥಾಲಯವನ್ನಾಗಿ ಮಾಡಿದರು. ತಾಸುಗಟ್ಟಲೆ ಸುಮ್ಮನೆ ಕುಳಿತು ಪಯಣಿಸುವವರ ಕೈಗೆ ಪುಸ್ತಕ ಬಂದಿತು. ಇಲ್ಲಿ ಜಾಣ್ಮೆಯೆಲ್ಲಿದೆ? ಹೊಸ ಕಟ್ಟಡ ಕಟ್ಟಲಿಲ್ಲ. ಓದುಗರನ್ನು ದೂರಕ್ಕೆ ಕರೆಯಲಿಲ್ಲ. ಊರಿನ ಜೀವನ ಹೇಗೆ ಹರಿಯುತ್ತಿತ್ತೋ ಆ ಹರಿವಿನ ಮೇಲೆಯೇ ಪುಸ್ತಕವನ್ನು ತೇಲಿಬಿಟ್ಟರು. ದೋಣಿ ನಡೆಸುವವನ ಸಹಕಾರವಿಲ್ಲದೆ ಇದು ಸಾಧ್ಯವಾಗುತ್ತಿತ್ತೆ?

ಇನ್ನು ನಮ್ಮ ನಾಡಿನ ಮಾತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಕೆ ತೋಟಗಳ ನಡುವಣ ಒಂದು ಸಣ್ಣ ಹಳ್ಳಿ. ಅಲ್ಲಿ ೧೯೪೯ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ‘ನೀನಾಸಂ’ ಎಂಬ ಹ್ರಸ್ವ ನಾಮದಿಂದ ಇಂದು ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿದೆ. ಊರಿನ ದೇವರ ಹೆಸರನ್ನೇ ಹೊತ್ತು, ಊರಿನ ಹವ್ಯಾಸಿಗಳ ಕೂಟವಾಗಿ ಮೊದಲಾದ ಈ ಸಂಘವನ್ನು ಕೆ. ವಿ. ಸುಬ್ಬಣ್ಣನವರು ಬೆಳೆಯಿಸಿದರು, ೧೯೯೧ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವೂ ೧೯೮೫ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ನಾಟಕ ತಂಡವೂ ಆರಂಭವಾದುವು. ತಿರುಗಾಟದ ಕ್ರಮವನ್ನು ನೋಡಿರಿ. ಹೆಗ್ಗೋಡಿನಲ್ಲಿ ನಾಟಕಗಳು ಸಿದ್ಧವಾಗುತ್ತವೆ. ಅನಂತರ ತಂಡವು ತಿಂಗಳುಗಟ್ಟಲೆ ಊರೂರು ಸುತ್ತುತ್ತದೆ. ಆಯಾ ಊರಿನ ಕಲಾಸಂಘವೋ ಯುವಕ ಮಂಡಲವೋ ಅವರನ್ನು ಬರಮಾಡಿಕೊಂಡು, ಊಟ ವಸತಿಗಳನ್ನು ನೋಡಿಕೊಂಡು, ಜನರನ್ನು ಕೂಡಿಸುತ್ತದೆ. ನಾಟಕ ಕಟ್ಟುವ ವಿದ್ಯೆ ಒಬ್ಬರದು. ಊರನ್ನು ಬಲ್ಲ ವಿದ್ಯೆ ಇನ್ನೊಬ್ಬರದು. ಎರಡೂ ವಿದ್ಯೆಗಳೇ. ಒಂದು ಮೇಲು, ಇನ್ನೊಂದು ಕೀಳು ಎನ್ನುವಂತಿಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಚರಿತ್ರೆಯಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪರಿಷತ್ತು ತನ್ನ ಸಮ್ಮೇಳನವನ್ನು ಬೆಂಗಳೂರಿಗೇ ಕಟ್ಟಿಹಾಕಲಿಲ್ಲ. ೧೯೪೧ರಲ್ಲಿ ಹೈದರಾಬಾದು, ೧೯೪೫ರಲ್ಲಿ ಮದರಾಸು, ೧೯೫೧ರಲ್ಲಿ ಮುಂಬಯಿ, ೧೯೭೮ರಲ್ಲಿ ದೆಹಲಿ, ಹೀಗೆ ಕನ್ನಡವು ಮನೆಮಾತಾಗಿ ಮಾತ್ರ ಉಳಿದಿದ್ದ ನಗರಗಳಿಗೂ ಸಮ್ಮೇಳನ ಹೋಯಿತು. ಅಲ್ಲಿನ ಸ್ವಾಗತ ಸಮಿತಿಯೇ ಹೆಗಲು ಕೊಡದಿದ್ದರೆ ಒಂದು ಚಪ್ಪರವೂ ಏಳುತ್ತಿರಲಿಲ್ಲ. ಆದರೆ ಸಮ್ಮೇಳನ ಮೂರು ದಿನದ ಹಬ್ಬ. ಹಬ್ಬದ ಅಡಿಗೆ ನಿತ್ಯದ ಅಡಿಗೆಯಾಗಲಾರದು. ಚಪ್ಪರ ಬಿಚ್ಚಿದ ಮೇಲೆ ಸ್ವಾಗತ ಸಮಿತಿಯು ಒಂದು ವಾಚನಾಲಯವಾಗಿಯೋ ಒಂದು ಗಮಕ ತರಗತಿಯಾಗಿಯೋ ಉಳಿದರೆ ಮಾತ್ರ ಆ ಶ್ರಮ ಸಾರ್ಥಕ.

ಈ ನಿದರ್ಶನಗಳಿಂದ ನಾವು ಮೂರು ನಿಯಮಗಳನ್ನು ತೆಗೆದುಕೊಳ್ಳಬಹುದೆಂದು ತೋರುತ್ತದೆ. ಮೊದಲನೆಯದಾಗಿ, ಸಾಹಿತ್ಯ ಸಂಘವು ಸಿದ್ಧಪಡಿಸಿದ ಕಾರ್ಯಕ್ರಮವನ್ನು ಹೊತ್ತು ಹೋಗುವುದಕ್ಕೆ ಮೊದಲು ಊರಿನವರನ್ನು ಕೇಳಬೇಕು. ಮಹಿಳಾ ಸಮಾಜದವರಿಗೆ ಬೇಕಾದುದು ಕಥಾವಾಚನವಾಗಿರಬಹುದು. ಅವರಿಗೆ ನವ್ಯಕಾವ್ಯ ವಿಮರ್ಶೆಯ ಉಪನ್ಯಾಸ ಏರ್ಪಡಿಸಿದರೆ ಬಂದವರು ಮರುಸಲ ಬಾರರು. ಎರಡನೆಯದಾಗಿ, ಕೆಲಸವನ್ನೂ ಲೆಕ್ಕವನ್ನೂ ಕೀರ್ತಿಯನ್ನೂ ಸಮನಾಗಿ ಹಂಚಿಕೊಳ್ಳಬೇಕು. ಜಮಖಾನ ಹಾಸುವುದು ಸ್ಥಳೀಯರ ಪಾಲಿಗೆ, ವೇದಿಕೆಯ ಕುರ್ಚಿ ಅತಿಥಿಗಳ ಪಾಲಿಗೆ ಎಂಬ ಏರ್ಪಾಡು ಸಹಕಾರವೆನ್ನಿಸದು, ಅದು ಚಾಕರಿ. ಮೂರನೆಯದಾಗಿ, ಹೋದ ಕಡೆಗೆ ಮತ್ತೆ ಹೋಗಬೇಕು. ಹತ್ತು ಬೀದಿಗಳಲ್ಲಿ ಒಂದೊಂದು ದಿನ ಕಾಣಿಸಿಕೊಳ್ಳುವುದಕ್ಕಿಂತ ಒಂದು ಬೀದಿಯಲ್ಲಿ ಹತ್ತು ವಾರ ನಿಲ್ಲುವುದು ಮೇಲು.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಎಲ್ಲರೊಡನೆ ಕೂಡಿದರೆ ಸಾಹಿತ್ಯದ ಮಟ್ಟ ಇಳಿಯುವುದೆಂಬುದು ಮೊದಲನೆಯದು. ಇದಕ್ಕೆ ಹೆಗ್ಗೋಡೇ ಉತ್ತರ ಹೇಳಿದೆ. ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಲನಚಿತ್ರಗಳನ್ನು ನೀನಾಸಂ ಹಳ್ಳಿಯ ಜನರ ಮುಂದೆ ತೋರಿಸಿತು. ತೋಟದ ಕೆಲಸ ಮುಗಿಸಿ ಬಂದವರು ಅವನ್ನು ನೋಡಿ ತಮ್ಮ ಮಾತಿನಲ್ಲಿ ಚರ್ಚಿಸಿದರು. ಜನರಿಗೆ ತಿಳಿಯದೆಂಬ ಮಾತನ್ನು ಅನೇಕ ವೇಳೆ ಜನರನ್ನು ಕೇಳದವರೇ ಆಡುತ್ತಾರೆ.

ಎರಡನೆಯ ಆಕ್ಷೇಪ ಹೊರನಾಡಿನ ಕನ್ನಡಿಗರದು. ಅದರ ಹಿಂದೆ ನಿಜವಾದ ಅಳಲಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ವಿಶಾಖಪಟ್ಟಣದ ಅಂಚಿನಲ್ಲಿರುವ ಪೆಂಡುರ್ತಿಯಂತಹ ಊರಿನಲ್ಲಿ ನಾಲ್ಕು ಕನ್ನಡ ಸಂಸಾರಗಳಿವೆಯೆಂದು ಊಹಿಸಿಕೊಳ್ಳೋಣ. ಬಂದರು, ಹಡಗು ಕಟ್ಟೆ, ಉಕ್ಕಿನ ಕಾರ್ಖಾನೆಗಳ ಆ ಮಹಾನಗರಕ್ಕೆ ನಾನಾ ಪ್ರಾಂತಗಳ ಜನರು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ್ದಾರೆ. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ಅಡಿಗೆಮನೆಯಲ್ಲಿ ಮಾತ್ರ ಕನ್ನಡ. ‘ಇಷ್ಟರಲ್ಲಿ ಆ ಊರಿನ ತೆಲುಗು ವಾಚನಾಲಯದೊಡನೆಯೂ ಕೂಡಿಬಿಟ್ಟರೆ ನಮ್ಮದೆಂಬುದು ಏನು ಉಳಿಯಿತು?’ ಎಂದು ಆ ತಂದೆತಾಯಿಗಳು ಕೇಳಿದರೆ ತಪ್ಪೆನ್ನಲಾದೀತೆ?

ಆದರೂ ನಾವು ಕೂಡುವುದೇ ಸರಿಯೆನ್ನುತ್ತೇವೆ. ನಾಲ್ಕು ಮನೆಗಳು ಬಾಗಿಲು ಮುಚ್ಚಿಕೊಂಡು ಒಂದು ಭಾಷೆಯನ್ನು ಒಂದು ತಲೆಮಾರಿಗಿಂತ ಹೆಚ್ಚು ಕಾಲ ಕಾಯಲಾರವು. ಅದೇ ತೆಲುಗು ವಾಚನಾಲಯದ ಒಂದು ಬೀರುವಿನಲ್ಲಿ ಐವತ್ತು ಕನ್ನಡ ಪುಸ್ತಕಗಳನ್ನಿರಿಸಿ, ತಿಂಗಳಿಗೊಂದು ಭಾನುವಾರ ಕನ್ನಡದ ಒಂದು ಕಥೆಯನ್ನೂ ತೆಲುಗಿನ ಒಂದು ಕಥೆಯನ್ನೂ ಓದುವ ಏರ್ಪಾಡು ಮಾಡಿದರೆ, ಕನ್ನಡದ ಮಗುವಿಗೆ ತನ್ನ ಭಾಷೆ ಅಡಿಗೆಮನೆಯಾಚೆಗೂ ಮರ್ಯಾದೆಯುಳ್ಳದ್ದೆಂದು ಕಣ್ಣಾರೆ ಕಾಣುತ್ತದೆ. ನೆರೆಯವರು ಕೇಳಿ ಮೆಚ್ಚಿದ ಭಾಷೆಯನ್ನು ಮಗು ಅಷ್ಟು ಸುಲಭವಾಗಿ ಬಿಡದು.

ಇದು ನಮ್ಮ ಪೂರ್ವಿಕರಿಗೆ ಹೊಸತೂ ಅಲ್ಲ. ೯೪೧ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಆದಿಕವಿ ಪಂಪನ ಮನೆತನ ವೆಂಗಿನಾಡಿನದು; ಅವನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿ ಬರೆಯಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಬಂಡೆಯ ಮೇಲಿವೆ. ಪೆಂಡುರ್ತಿಗೆ ಸಮೀಪದ ಸಿಂಹಾಚಲದ ದೇವಾಲಯದಲ್ಲಿ ಕೃಷ್ಣದೇವರಾಯನ ಶಾಸನಗಳುಂಟು. ‘ಕನ್ನಡರಾಜ್ಯ ರಮಾರಮಣ’ನೆನ್ನಿಸಿಕೊಂಡ ಆ ಅರಸನೇ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ಬರೆದನು. ಮತ್ತೆ, ನಿಜಾಮರ ಆಡಳಿತದಲ್ಲಿ ಹೈದರಾಬಾದಿನ ತೆಲುಗರು ತಮ್ಮ ಭಾಷೆಗೆ ಸರ್ಕಾರದಲ್ಲಿ ಸ್ಥಾನವಿಲ್ಲದಿದ್ದಾಗ, ೧೯೦೧ರಲ್ಲಿ ಒಂದು ಗ್ರಂಥಾಲಯವನ್ನು ಸ್ಥಾಪಿಸಿ ಅದಕ್ಕೆ ‘ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ’ವೆಂದು ಹೆಸರಿಟ್ಟರು. ತಮ್ಮ ಭಾಷೆ ಬಾಡುವುದೆಂಬ ಭಯ ನಮ್ಮೊಬ್ಬರದೇ ಅಲ್ಲ. ಆ ಭಯವನ್ನು ಗೆಲ್ಲಲು ಅವರು ಮೊದಲು ತೆರೆದುದು ಒಂದು ಪುಸ್ತಕ ಭಂಡಾರದ ಬಾಗಿಲನ್ನು.

ವಿದ್ಯಾರ್ಥಿ ಮಿತ್ರರೆ, ಇದೆಲ್ಲವೂ ದೊಡ್ಡವರ ಕೆಲಸ, ನಮಗೇನು ಎಂದು ನೀವು ಕೇಳಬಹುದು. ನಗರದ ಕನ್ನಡ ಶಾಲೆಯ ಮಕ್ಕಳಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯಿದೆ. ಕನ್ನಡದಲ್ಲಿ ಕಲಿಯುವವರ ಸಂಖ್ಯೆ ನಗರಗಳಲ್ಲಿ ಇಳಿಮುಖವಾಗುತ್ತಿರುವುದನ್ನು ನೀವು ನಿಮ್ಮ ಬೀದಿಯಲ್ಲಿಯೇ ನೋಡುತ್ತಿದ್ದೀರಿ. ನೆರೆಮನೆಯ ಗೆಳೆಯ ಕನ್ನಡವನ್ನು ಆಡಬಲ್ಲ, ಓದಲಾರ. ನಿಮ್ಮ ಶಾಲೆಯ ಸಾಹಿತ್ಯ ಸಂಘವು ಶನಿವಾರದ ಸಭೆಯನ್ನು ತರಗತಿಯ ನಾಲ್ಕು ಗೋಡೆಗಳೊಳಗೆ ನಡೆಸುವ ಬದಲು, ತಿಂಗಳಿಗೊಮ್ಮೆ ಬಡಾವಣೆಯ ವಾಚನಾಲಯದಲ್ಲಿಯೋ ದೇವಸ್ಥಾನದ ಪಡಸಾಲೆಯಲ್ಲಿಯೋ ನಡೆಸಲಿ. ಅಲ್ಲಿನ ಹಿರಿಯರನ್ನು ಮುಂಚಿತವಾಗಿ ಕಂಡು, ‘ಅಜ್ಜಾ, ತಮಗೆ ಯಾವ ಕಥೆಯನ್ನು ಓದಿದರೆ ಸಂತೋಷವಾದೀತು?’ ಎಂದು ಕೇಳಿರಿ. ಓದಲು ಬಾರದವರಿಗೆ ಓದಿ ಹೇಳಿರಿ. ಅವರು ಬಲ್ಲ ಹಾಡನ್ನೂ ಗಾದೆಯನ್ನೂ ನೀವು ಬರೆದುಕೊಳ್ಳಿರಿ. ಹೀಗೆ ಕೊಟ್ಟು ತೆಗೆದುಕೊಳ್ಳುವುದಕ್ಕೆ ಹಣ ಬೇಕಾಗಿಲ್ಲ, ಸಭಾಂಗಣವೂ ಬೇಕಾಗಿಲ್ಲ. ಬೇಕಾದುದು ಒಂದು ಪುಸ್ತಕ, ಇಬ್ಬರು ಮೂವರು ಗೆಳೆಯರು, ಮತ್ತು ಮುಂದಿನ ತಿಂಗಳು ಮರೆಯದೆ ಹಿಂದಿರುಗಿ ಬರುವ ಮನಸ್ಸು.

ಮುಂದಿನ ವರ್ಷದ ಸಂಚಿಕೆಯಲ್ಲಿ ನಿಮ್ಮಲ್ಲಿ ಯಾರಾದರೂ ಅಂತಹ ಒಂದು ಸಂಜೆಯ ವರದಿಯನ್ನು ಬರೆದರೆ, ಅದನ್ನು ಓದಲು ನಾವು ಕಾದಿರುತ್ತೇವೆ.