ಸತ್ತ ಪ್ರಾಣಿಯನ್ನು ಹೂಳುವುದಕ್ಕೆ ಮುಂಚೆ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಯ ಗ್ರಾಮಮುಖ್ಯಸ್ಥರೂ ಜಮೀನುದಾರರೂ ಆದ ಮಹನೀಯರಲ್ಲಿ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಹಟ್ಟಿಯಲ್ಲಿ ದನವೊಂದು ಸತ್ತರೆ ನಮ್ಮಲ್ಲಿ ನಡೆಯುವ ಕ್ರಮವು ಎಲ್ಲರಿಗೂ ತಿಳಿದದ್ದೇ. ಯಜಮಾನನು ಆಳುಗಳನ್ನು ಕರೆಸಿ, ತೋಟದ ಮೂಲೆಯಲ್ಲಿ ಹೊಂಡ ತೋಡಿಸಿ, ಸಂಜೆಯೊಳಗೆ ಮಣ್ಣು ಮುಚ್ಚಿಸುವನು. ಏನಾಗಿತ್ತೆಂದು ಕೇಳಿದರೆ, ಹೊಟ್ಟೆ ಉಬ್ಬರಿಸಿತ್ತು, ಹಾವು ಕಚ್ಚಿರಬೇಕು, ಯಾರದೋ ಕಣ್ಣು ತಾಗಿರಬೇಕು ಎಂಬ ಉತ್ತರಗಳು ಬರುವವು. ಕಾಡಿನ ಅಂಚಿನಲ್ಲಿ ಮಂಗವು ಸತ್ತು ಬಿದ್ದಿದ್ದರೆ ಆ ಸುದ್ದಿಯು ಊರನ್ನು ದಾಟುವುದೇ ಅಪೂರ್ವ. ಈ ಕ್ರಮವು ಬದಲಾಗಬೇಕು. ಕಾರಣ ತಿಳಿಯದೆ ಸತ್ತ ಯಾವ ಪ್ರಾಣಿಯನ್ನೂ ಪಶುವೈದ್ಯರಿಗೆ ತಿಳಿಸದೆ ಹೂಳಕೂಡದೆಂಬ ನಿಯಮವನ್ನು ಪ್ರತಿಯೊಂದು ಗ್ರಾಮವೂ ತಾನಾಗಿಯೇ ಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಕೇವಲ ದನಕರುಗಳ ಲಾಭನಷ್ಟದ ಮಾತಲ್ಲ. 1957ನೇ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸಮೀಪದ ಹಳ್ಳಿಗಳ ಜನರು ಕಠಿಣವಾದ ಜ್ವರದಿಂದ ಮಲಗಿದರು. ಮೊದಲು ಅದನ್ನು ವಿಷಮಶೀತಜ್ವರವೆಂದು ಭಾವಿಸಿದ್ದುಂಟು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿದ ಮೇಲೆಯೇ, ಇದು ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ಸಿನ ಕೆಲಸವೆಂದು ಜಗತ್ತಿಗೆ ತಿಳಿಯಿತು. ಸತ್ತ ಮಂಗವನ್ನು ಯಾರೂ ಪರೀಕ್ಷಿಸದೆ ಇದ್ದಿದ್ದರೆ ಆ ಜ್ವರವು ಇನ್ನೆಷ್ಟು ಕಾಲ ಬೇರೆ ಹೆಸರಿನಲ್ಲಿ ತಿರುಗುತ್ತಿತ್ತೋ ಹೇಳಲಾಗದು.

ಅದು ಘಟ್ಟದ ಮೇಲಿನ ಮಾತೆಂದು ನಾವು ಸುಮ್ಮನಿರುವಂತಿಲ್ಲ. 1982-83ರಲ್ಲಿ, ಗೇರುತೋಟಕ್ಕಾಗಿ ಕಾಡನ್ನು ಕಡಿದ ತರುವಾಯ, ಇದೇ ಮಂಗನ ಕಾಯಿಲೆಯು ಬೆಳ್ತಂಗಡಿ ತಾಲೂಕಿನಲ್ಲಿ ಕಾಣಿಸಿಕೊಂಡು ಅನೇಕರ ಪ್ರಾಣವನ್ನು ತೆಗೆದುಕೊಂಡಿತು. ಆ ಕಾಲದ ಸಂಗತಿಗಳನ್ನು ಮಾರ್ಕ್ ನಿಕ್ಟರ್ ಎಂಬ ಅಮೇರಿಕದ ವಿದ್ವಾಂಸರು 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ. ಕಾಡನ್ನು ಕಡಿದುದರಿಂದ ದೈವಗಳು ಮುನಿದವೆಂದು ಊರವರಲ್ಲಿ ಹಲವರು ಆಗ ನಂಬಿದ್ದರು. ಆ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೈವಕ್ಕೆ ಕೋಲ ಕೊಡುವುದೂ ಪ್ರಯೋಗಾಲಯಕ್ಕೆ ಸುದ್ದಿ ಕೊಡುವುದೂ ಒಂದಕ್ಕೊಂದು ವಿರುದ್ಧವಲ್ಲ. ಎರಡನೆಯದನ್ನು ಬಿಟ್ಟರೆ ಮಾತ್ರ ಕೇಡು.

ಸತ್ತ ಮಂಗದ ಮೈಯಿಂದ ಉಣುಗುಗಳು ನೆಲಕ್ಕಿಳಿಯುತ್ತವೆ. ಮಳೆಗಾಲ ಕಳೆದು ಬೇಸಿಗೆ ಮುಗಿಯುವವರೆಗೆ ಎಳೆಯ ಉಣುಗುಗಳು ಮನುಷ್ಯರಿಗೆ ಕಚ್ಚುವ ಕಾಲ. ನಮ್ಮ ಆಳುಗಳು ಹಟ್ಟಿಗೆ ಸೊಪ್ಪು, ತರಗೆಲೆ ತರಲು ಕಾಡಿಗೆ ಹೋಗುವುದೂ ಅದೇ ಕಾಲದಲ್ಲಿ. ಹಿಂದೆ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಕಂಡು 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಆದಕಾರಣ ಸತ್ತ ಮಂಗದ ಸುದ್ದಿಯು ಬೇಗನೆ ತಲಪುವುದೇ ಬಡ ಕೂಲಿಯವನಿಗೆ ದೊಡ್ಡ ರಕ್ಷೆ. ಅಂಥ ಶವವನ್ನು ಯಾರೂ ಮುಟ್ಟಕೂಡದು, ಕೊಯ್ಯಕೂಡದು. ಅರಣ್ಯ, ಆರೋಗ್ಯ, ಪಶುವೈದ್ಯ ಇಲಾಖೆಗಳಿಗೆ ತಿಳಿಸಿ, ಅವರು ಬರುವ ತನಕ ಆ ಸ್ಥಳಕ್ಕೆ ಜನರೂ ದನಗಳೂ ಹೋಗದಂತೆ ನೋಡಿಕೊಳ್ಳತಕ್ಕದ್ದು.

ಇನ್ನು ಹಟ್ಟಿಯ ವಿಚಾರ. ಗದ್ದೆಯ ಹುಲ್ಲು ಮೇಯುವ ದನವು ಸೊರಗಿ ಸತ್ತಾಗ ಶವವನ್ನು ಕೊಯ್ದು ನೋಡಿದರೆ, ಯಕೃತ್ತಿನಲ್ಲಿ ಚಪ್ಪಟೆ ಹುಳುಗಳು ಸಿಕ್ಕುವುದುಂಟು. ಆ ಹುಳುವು ಬಸವನಹುಳುವಿನ ಮೂಲಕ ಹುಲ್ಲಿಗೆ ಬರುವುದರಿಂದ, ಒಂದು ದನದ ಸಾವು ಉಳಿದ ಹತ್ತು ದನಗಳಿಗೆ ಮದ್ದು ಹಾಕಬೇಕೆಂದು ತೋರಿಸಿಕೊಡುತ್ತದೆ. ಜರ್ಸಿ ಮೊದಲಾದ ಮಿಶ್ರತಳಿಯ ಹಸುಗಳಿಗೆ ಉಣುಗಿನಿಂದ ಬರುವ ಥೈಲೇರಿಯಾ, ಬಬೇಸಿಯಾ ರೋಗಗಳ ಭಯವು ಹೆಚ್ಚು. ಎರಡರಲ್ಲಿಯೂ ಜ್ವರವಿದೆ, ಆದರೆ ಒಂದರ ಔಷಧವು ಇನ್ನೊಂದಕ್ಕೆ ನಾಟದು. ಕಿವಿಯ ತುದಿಯಿಂದ ತೆಗೆದ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಭೇದವು ತಿಳಿಯುವುದು. ಬೆಲೆಬಾಳುವ ಹಸುವಿನ ಯಜಮಾನನು ಊಹೆಯ ಮೇಲೆ ಸೂಜಿಮದ್ದು ಹಾಕಿಸುವುದು ಲೆಕ್ಕ ನೋಡದೆ ಸಾಲ ತೀರಿಸಿದಂತೆಯೇ ಸರಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ಹಠಾತ್ತಾಗಿ ಸತ್ತ ದನದ ಮೂಗು, ಬಾಯಿ ಯಾ ಗುದದ್ವಾರದಿಂದ ಕಪ್ಪುರಕ್ತವು ಸುರಿಯುತ್ತಿದ್ದರೆ ಅದು ನೆರಡಿ ರೋಗವಾಗಿರಬಹುದು. ಅಂಥ ಶವವನ್ನು ಕೊಯ್ಯಲೇಬಾರದು, ಚರ್ಮ ಸುಲಿಯಲೇಬಾರದು. ಕೊಯ್ದೊಡನೆ ರೋಗಾಣುಗಳು ಗಾಳಿಯ ಸಂಪರ್ಕದಿಂದ ಗಟ್ಟಿಕವಚದ ಬೀಜರೂಪವನ್ನು ತಾಳಿ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುವವು. ಆ ರೋಗವು ಮನುಷ್ಯರಿಗೂ ತಗಲುತ್ತದೆ. ಇಲ್ಲಿ ಪಶುವೈದ್ಯರು ರಕ್ತಲೇಪವನ್ನು ಮಾತ್ರ ತೆಗೆದು ನಿರ್ಣಯಿಸುವರು. ಅನಂತರ ಶವವನ್ನು ಆಳವಾದ ಹೊಂಡದಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ಯಾವ ಶವವನ್ನು ಕೊಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದು ಬಲ್ಲವರು ಹೇಳಬೇಕಾದ ಮಾತಾದುದರಿಂದಲೇ ಮೊದಲು ತಿಳಿಸುವುದು ಅವಶ್ಯ.

ಇದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆನು. ಗೋವಿನ ಶವವನ್ನು ಕೊಯ್ಯುವುದು ಪಾಪವೆಂದು ಕೆಲವರು, ಮಂಗವು ಹನುಮಂತನ ಸ್ವರೂಪವೆಂದು ಕೆಲವರು ಹಿಂಜರಿಯುವರು. ಸತ್ತದ್ದರಿಂದ ಬದುಕಿದ್ದವುಗಳನ್ನು ಉಳಿಸುವುದು ಪಾಪವಾಗಲಾರದು; ಪರೀಕ್ಷೆಯಾದ ಬಳಿಕ ಶಾಸ್ತ್ರೋಕ್ತವಾಗಿ ಸಂಸ್ಕಾರ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಇಲಾಖೆಯವರು ಬಂದರೆ ವಿಚಾರಣೆಯ ತೊಂದರೆಯೆಂದು ಅಂಜುವವರೂ ಇದ್ದಾರೆ. ಅಂಥವರ ಪರವಾಗಿ ಊರ ಮುಖ್ಯಸ್ಥನೇ ಸುದ್ದಿ ಕೊಟ್ಟರೆ ಅಂಜಿಕೆಗೆ ಎಡೆಯಿಲ್ಲ. ವಿಮೆ ಮಾಡಿಸಿದ ಹಸುವಾದರೆ ಶವಪರೀಕ್ಷೆಯ ಪತ್ರವು ಪರಿಹಾರಕ್ಕೆ ಹೇಗೂ ಬೇಕಾಗುತ್ತದೆ.

ತಪ್ಪು ಜನರದೇ ಎನ್ನುವುದೂ ನ್ಯಾಯವಲ್ಲ. ನಮ್ಮ ಸೆಕೆಯ ನಾಡಿನಲ್ಲಿ ಶವವು ಕೆಲವು ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಕೊಳೆತದ್ದರಿಂದ ಏನೂ ತಿಳಿಯದು. ಚಾರ್ಮಾಡಿಯ ತಪ್ಪಲಿನಿಂದ ಮಾದರಿಯು ಮಂಜುಗಡ್ಡೆಯಲ್ಲಿ ಪ್ರಯೋಗಾಲಯಕ್ಕೆ ತಲಪಬೇಕಾದರೆ ವಾಹನ, ಪೆಟ್ಟಿಗೆ, ಹೊಣೆಯರಿತ ಆಳು ಬೇಕು. ಸರಕಾರವು ಈ ಮೂರು ಕಡೆಗಳಲ್ಲಿಯೂ ಇವನ್ನು ಸದಾ ಸಿದ್ಧವಾಗಿಡಬೇಕು. ಅದಕ್ಕಿಂತ ಮುಖ್ಯವಾಗಿ, ಪರೀಕ್ಷೆಯ ಫಲವನ್ನು ದನದ ಯಜಮಾನನಿಗೆ ಬರಹದಲ್ಲಿ, ಕನ್ನಡದಲ್ಲಿ ತಿಳಿಸಬೇಕು. ಒಮ್ಮೆ ಮಾದರಿ ಕೊಟ್ಟು ಉತ್ತರ ಕಾಣದವನು ಎರಡನೆಯ ಸಲ ಕೊಡುವುದಿಲ್ಲ.

ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆಯು ಆರಂಭವಾದ ಕಾಲಕ್ಕೆ ದೊಡ್ಡರೋಗವು ಹಳ್ಳಿಹಳ್ಳಿಗಳ ಹಟ್ಟಿಗಳನ್ನು ಬರಿದುಮಾಡುತ್ತಿತ್ತು. 2011ರಲ್ಲಿ ಆ ರೋಗವು ಲೋಕದಿಂದಲೇ ಅಳಿಯಿತೆಂದು ಸಾರಲಾಯಿತು. ಲಸಿಕೆಯೊಂದರಿಂದಲೇ ಅದು ಆಗಲಿಲ್ಲ. ಸಂಶಯದ ಪ್ರಕರಣಗಳನ್ನು ಬಚ್ಚಿಡದೆ ಪರೀಕ್ಷೆಗೆ ಒಪ್ಪಿಸಿದುದರಿಂದಲೂ ಆಯಿತು. ಗ್ರಾಮಮುಖ್ಯಸ್ಥರು ಮುಂದಿನ ಗ್ರಾಮಸಭೆಯಲ್ಲಿ ಈ ನಿಯಮವನ್ನು ಮಂಡಿಸಲಿ. ಸಮೀಪದ ಪಶುಚಿಕಿತ್ಸಾಲಯದ ವಿಳಾಸವನ್ನೂ ಪಶುಸಂಜೀವಿನಿಯ 1962 ಎಂಬ ದೂರವಾಣಿ ಸಂಖ್ಯೆಯನ್ನೂ ಹಾಲಿನ ಸೊಸೈಟಿಯ ಗೋಡೆಯ ಮೇಲೆ ಬರೆಯಿಸಲಿ. ಜಮೀನುದಾರರು ತಮ್ಮ ಹಟ್ಟಿಯಿಂದಲೇ ಇದನ್ನು ಆರಂಭಿಸಿದರೆ, ಒಂದೆರಡು ಹಸು ಸಾಕುವ ಬಡವನೂ ಅನುಸರಿಸುವನು. ಹೊಂಡ ತೋಡುವುದಕ್ಕೆ ಹಾರೆ ಎತ್ತುವ ಮುನ್ನ ಒಂದು ಮಾತು ತಿಳಿಸುವುದಷ್ಟೇ ನಾನು ಬೇಡುವುದು.